ಬ್ಲಾಗಿನಲ್ಲಿ ತೀರಿಹೋದವಳ ಅರಿಕೆ

ಇವರಿಗೆ:
‘ಒಲೆಯ ಹೊಗೆ’ ಬ್ಲಾಗಿನ ಸ್ಥಾಪಕರೂ ಸಂಪಾದಕರೂ ಏಕಮಾತ್ರ ಲೇಖಕರೂ, ನಂಜನಗೂಡಿನ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತರೂ ಆಗಿರುವ ಶ್ರೀ ನಾಗೇಂದ್ರ ಹೆಮ್ಮರಗಾಲ ಅವರ ಸನ್ನಿಧಾನಕ್ಕೆ.

ಇವರಿಂದ:
ದಿವಂಗತ ಗೋವಿಂದಮ್ಮ, ಲೇಟ್ ನಾಗಯ್ಯನವರ ಹೆಂಡತಿ, ತಮ್ಮ ಹೆತ್ತ ತಾಯಿ, ವಯಸ್ಸು ಐವತ್ತಾರಕ್ಕೆ ನಿಂತಿದೆ, ತಮ್ಮದೇ ಮನೆಯ ಅಡುಗೆಕೋಣೆ, ಹೆಮ್ಮರಗಾಲ, ನಂಜನಗೂಡು ತಾಲ್ಲೂಕು.

ದಿನಾಂಕ: 14 ಡಿಸೆಂಬರ್ 2008

ಮಾನ್ಯರೇ,

ತಮಗೂ, ತಮ್ಮ ಬ್ಲಾಗಿಗೂ, ಆ ಬ್ಲಾಗಿನ ಬಲಗಡೆ ಮೂಲೆಯಲ್ಲಿ ಕೂತು ಬಂದುಹೋದವರ ತಲೆ ಎಣಿಸುವ ಪುಟ್ಟ ಪೆಟ್ಟಿಗೆಗೂ ನನ್ನ ನಮಸ್ಕಾರಗಳು. ಇತ್ತ ನಾನು ಸತ್ತಿರುವುದೊಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಕಾಗದ ಬರೆದು ವಿಚಾರಿಸುವ ಅಗತ್ಯವೇನೂ ಇರಲಿಲ್ಲ, ಏಕೆಂದರೆ ನಾನು ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ತಾವು ನಡುಮನೆಯಲ್ಲಿ ಕೂತು ನಾನೇ ಬಡಿಸಿದ ಎರಡನೆಯ ಮುದ್ದೆಯನ್ನು ಮುರಿಯುತ್ತಿದ್ದೀರಿ. ಆದರೂ ಅರ್ಜಿ ಎಂದಮೇಲೆ ಅದಕ್ಕೊಂದು ಕ್ರಮ ಇದೆ. 1994ರಿಂದ ಒಂದು ಪೂರ್ತಿ ಅವಧಿ ಪಂಚಾಯಿತಿ ಸದಸ್ಯೆಯಾಗಿದ್ದು, ನಲ್ಲಿ ಬರದಿದ್ದಕ್ಕೆ, ಚರಂಡಿ ಕಟ್ಟಿಕೊಂಡದ್ದಕ್ಕೆ, ನಮ್ಮ ಬೀದಿಯ ಕಂಬಕ್ಕೆ ಮಾತ್ರ ಬಲ್ಬು ಮರೆತುಹೋದದ್ದಕ್ಕೆ ಸಾಹೇಬರುಗಳಿಗೆ ಬರೆದೂ ಬರೆದೂ, ಹೊಟ್ಟೆಯೊಳಗೆ ಎಷ್ಟೇ ಉರಿಯುತ್ತಿದ್ದರೂ ಮೇಲುಗಡೆ ‘ಮಾನ್ಯರೇ’ ಎಂದೇ ಬರೆಯುವ ಅಭ್ಯಾಸ ನನಗೆ ಬಿದ್ದುಹೋಗಿದೆ.

ಮೊದಲೇ ವಿಷಯಕ್ಕೆ ಬಂದುಬಿಡುತ್ತೇನೆ, ಏಕೆಂದರೆ ಸಮಯ ಕಡಿಮೆ ಇದೆ. ತಮ್ಮ ಬ್ಲಾಗಿನ ಬರಹಗಳು ‘ಆರಿದ ಒಲೆ’ ಎಂಬ ಪುಸ್ತಕವಾಗಿ ಬರುವ ಸೋಮವಾರ ಅಚ್ಚಿಗೆ ಹೋಗುತ್ತವೆ ಎಂದು ತಿಳಿದು ಸಂತೋಷವಾಯಿತು. ಹೋಗುವ ಮುಂಚೆ ಅದರಿಂದ ಒಂದೇ ಒಂದು ಸಾಲನ್ನು ತಾವು ತೆಗೆಯಬೇಕು ಎಂಬುದೇ ನನ್ನ ಪ್ರಾರ್ಥನೆ. ಅದು ನನ್ನನ್ನು ಕೊಂದ ಸಾಲಲ್ಲ. ಯಾವುದೆಂದು ಕೊನೆಯಲ್ಲಿ ಅರಿಕೆ ಮಾಡುತ್ತೇನೆ. ಅದಕ್ಕೆ ಮೊದಲು ತಮ್ಮ ಸಾಧನೆಗಳನ್ನು ಹೊಗಳುವುದು ಅರ್ಜಿದಾರಳ ಕರ್ತವ್ಯವಾಗಿದೆ.

ಹೋದ ವರ್ಷ ಯುಗಾದಿ ಕಳೆದ ಮೇಲೆ ತಾವು ಬ್ಲಾಗು ಶುರುಮಾಡಿದಿರಿ. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ, “ಮನೆ ಮುಂದ್ಲ ಜಗಲಿ ಇದ್ದಂಗೆ ಕಣವ್ವ, ಯಾರ್ ಬೇಕಾದ್ರೂ ಬಂದು ಕೂತ್ಕೊಬೋದು” ಎಂದು ತಿಳಿಯುವ ಹಾಗೆ ಹೇಳಿದಿರಿ. ಮೊದಲ ಆರು ತಿಂಗಳು ಆ ಜಗಲಿಗೆ ಒಂದು ನಾಯಿಯೂ ಬಂದು ಮಲಗಲಿಲ್ಲ. ಕಪಿಲೆಯ ಪ್ರವಾಹದ ಬಗ್ಗೆ ಬರೆದಿರಿ, ರಸಬಾಳೆಯ ಅಳಿವಿನ ಬಗ್ಗೆ ಬರೆದಿರಿ, ಜಾಗತೀಕರಣಕ್ಕೆ ನಾಲ್ಕು ಕಂತುಗಳಲ್ಲಿ ಎಚ್ಚರಿಕೆ ಕೊಟ್ಟಿರಿ. ಎಲ್ಲಕ್ಕೂ ಸೇರಿ ಬಂದ ಪ್ರತಿಕ್ರಿಯೆಗಳು ಮೂರು. ಒಂದು ತೂಕ ಇಳಿಸುವ ಪುಡಿಯ ಜಾಹೀರಾತು. ಉಳಿದೆರಡನ್ನು ‘ಕಾವ್ಯಪ್ರಿಯ’ ಮತ್ತು ‘ಮೈಸೂರು ಓದುಗ’ ಎಂಬ ಇಬ್ಬರು ಅಭಿಮಾನಿಗಳು ಬರೆದಿದ್ದರು. ಬಸ್ ಸ್ಟ್ಯಾಂಡ್ ಎದುರಿನ ಸೈಬರಿನಲ್ಲಿ ಕೆಲಸಕ್ಕಿರುವ, ನಮ್ಮ ಪಕ್ಕದ ಮನೆ ಮಾದಮ್ಮನ ಮಗಳು ಪವಿತ್ರ ಹೇಳುವ ಪ್ರಕಾರ, ಆ ಇಬ್ಬರೂ ಅದೇ ದಿನ, ಅದೇ ಹೊತ್ತಿನಲ್ಲಿ, ತಾವು ಕೂತಿದ್ದ ಅದೇ ನಾಲ್ಕನೇ ನಂಬರಿನ ಕುರ್ಚಿಯಲ್ಲಿ ಕೂತು ಬರೆದು ಹೋದರಂತೆ. ಆ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆಂದು ಕೇಳಿದ್ದೇನೆ. ಮೂವರು ಸಾಹಿತಿಗಳ ಭಾರ ಅದಾದರೂ ಎಷ್ಟು ದಿನ ಹೊತ್ತೀತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಕೈ ಚೆಲ್ಲಿ ಕೂರುತ್ತಿದ್ದರು. ತಾವು ಕೂರಲಿಲ್ಲ. ‘ಬರಹಗಾರ, ಚಿಂತಕ, ಬ್ಲಾಗಿಗ’ ಎಂದು ಕಾರ್ಡು ಮಾಡಿಸಿ ಡೈರಿಗೆ ಹಾಲು ಹಾಕಲು ಬಂದವರ ಕ್ಯಾನಿನ ಹಿಡಿಗೆ ಸಿಕ್ಕಿಸಿದಿರಿ. ಮೊಬೈಲಿನಲ್ಲಿದ್ದ ನೂರಾ ನಲವತ್ತು ಜನಕ್ಕೂ ಮೆಸೇಜು ಕಳಿಸಿದಿರಿ. ಅವರಲ್ಲಿ ದನದ ಡಾಕ್ಟರೂ ಒಬ್ಬರಿದ್ದು, ತಮ್ಮ ಮೆಸೇಜಿನಲ್ಲಿ ‘ತಲ್ಲಣ’ ಎಂದಿದ್ದನ್ನು ಕಂಡು ನಮ್ಮ ಹಸುವಿಗೇನೋ ಆಗಿದೆಯೆಂದು ಬೈಕು ಹತ್ತಿ ಬಂದುಬಿಟ್ಟರು. ಮಾದಮ್ಮನ ಮೊಮ್ಮಗುವಿನ ನಾಮಕರಣದ ಕಾಗದವನ್ನು ಪುಕ್ಕಟೆ ಬರೆದುಕೊಡುತ್ತೇನೆಂದು ಹೇಳಿ, ಅದರ ತಳದಲ್ಲಿ ‘ತಪ್ಪದೆ ಭೇಟಿ ಕೊಡಿ’ ಎಂದು ಬ್ಲಾಗಿನ ವಿಳಾಸ ಸೇರಿಸಿದಿರಿ. ನಾಮಕರಣ ಅಲ್ಲೇ ನಡೆಯುತ್ತದೆಂದು ತಿಳಿದ ಅವಳ ಬೀಗರು ಚಿಕ್ಕಯ್ಯನಛತ್ರದಲ್ಲಿ ಇಳಿದು ಆ ವಿಳಾಸವನ್ನು ಹಿಡಿದುಕೊಂಡು ಆಟೋದವರನ್ನು ಅರ್ಧ ದಿನ ಕಾಡಿದರು. ಇನ್ನು ಬೇರೆಯವರ ಬ್ಲಾಗುಗಳಿಗೆ ಹೋಗಿ, ‘ಅದ್ಭುತ, ಕಣ್ಣು ತುಂಬಿ ಬಂತು, ನನ್ನ ಜಗಲಿಗೂ ಬನ್ನಿ’ ಎಂದು ಬರೆದು ಬರುತ್ತಿದ್ದಿರಿ. ಅದರಲ್ಲೊಂದು ಪುಳಿಯೋಗರೆ ಮಾಡುವ ವಿಧಾನವಾಗಿತ್ತು ಎಂದು ಪವಿತ್ರ ನಗುತ್ತಾಳೆ. ನಾನು ನಗುವುದಿಲ್ಲ, ಒಗ್ಗರಣೆ ಘಾಟಿಗೂ ಕಣ್ಣು ತುಂಬುತ್ತದೆ.

ಆಮೇಲೆ ಒಂದು ದಿನ ಬರೆಯಲು ಏನೂ ತೋಚದೆ ನನ್ನ ಹುರುಳಿಕಾಳಿನ ಬಸ್ಸಾರಿನ ಬಗ್ಗೆ ಬರೆದಿರಿ. ಒಂಬತ್ತು ಜನ ಬಂದರು. ಒಂಬತ್ತೂ ಬೇರೆ ಬೇರೆ ಕುರ್ಚಿಗಳಿಂದ. ಅಂದಿನಿಂದ ತಾವು ನನ್ನನ್ನು ನೋಡುವ ನೋಟವೇ ಬದಲಾಯಿತು ಎಂಬುದನ್ನು ನಾನು ಗಮನಿಸಿದ್ದೆ. ಊಟ ಮಾಡುವಾಗ ನನ್ನ ಕೈ, ನನ್ನ ಹಣೆ, ನನ್ನ ಸೆರಗಿನ ತುದಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಿರಿ. ಮಗನಿಗೆ ಈಗಲಾದರೂ ತಾಯಿಯ ಮೇಲೆ ಪ್ರೀತಿ ಉಕ್ಕಿತಲ್ಲ ಎಂದುಕೊಂಡು ತುಪ್ಪ ಒಂದು ಚಮಚ ಜಾಸ್ತಿ ಹಾಕಿದ್ದೇನೆ. ಆ ತುಪ್ಪವೂ ಬರಹದಲ್ಲಿ ಬಂತು, ಕಣ್ಣೀರಾಗಿ.

ನಮ್ಮ ಮನೆಗೆ ಗ್ಯಾಸ್ ಬಂದು ನಾಲ್ಕು ವರ್ಷವಾಗಿದ್ದರೂ ತಮ್ಮ ಓದುಗರಿಗೆ ಹೊಗೆ ಬೇಕಾಗಿತ್ತಾದ್ದರಿಂದ ನಾನು ಬ್ಲಾಗಿನಲ್ಲಿ ಊದುಗೊಳವೆ ಹಿಡಿದು ಕೆಮ್ಮುತ್ತಲೇ ಬದುಕಿದೆ. ಪಂಚಾಯಿತಿ ಹೆಂಗಸರ ತರಬೇತಿಗೆಂದು ಬದನವಾಳಿನ ಖಾದಿ ಕೇಂದ್ರಕ್ಕೆ ಹೋದಾಗ ಒಂದು ಸಲ ರಾಟೆಯನ್ನು ಕಂಡಿದ್ದೆ, ಅಷ್ಟೆ; ಬ್ಲಾಗಿನಲ್ಲಿ ಅದು ನನ್ನ ತಲೆದೆಸೆಗೇ ಬಂದು ಕೂತಿತು. ತಮಗೆ ತುತ್ತು ಉಳಿಸಲು ನಾನು ಉಪವಾಸ ಮಲಗುತ್ತಿದ್ದೆ ಎಂದೂ ಬರೆದಿದ್ದೀರಿ. ಉಪವಾಸ ಮಲಗಿದ್ದು ನಿಜ, ಎರಡು ಸಲ. ಎರಡೂ ಸಲ ತಮ್ಮ ತಂದೆಯವರ ಮೇಲಿನ ಕೋಪಕ್ಕೆ, ಮತ್ತು ಎರಡೂ ಸಲ ಅವರೇ ಬಂದು ಎಬ್ಬಿಸಿ ಉಣ್ಣಿಸಿದರು. ಅದನ್ನು ಬರೆದಿದ್ದರೆ ನಾಲ್ಕು ಜನ ಕಡಿಮೆ ಬರುತ್ತಿದ್ದರೇನೋ, ತಮ್ಮ ತಂದೆಯವರ ಆತ್ಮಕ್ಕಾದರೂ ಸಂತೋಷವಾಗುತ್ತಿತ್ತು.

ನನಗೆ ಬ್ಲಾಗಿನಲ್ಲಿ ನೆಗಡಿ ಬಂದ ವಾರ ಇಪ್ಪತ್ತೊಂದು ಜನ ವಿಚಾರಿಸಿದರು. ಜ್ವರಕ್ಕೆ ಮೂವತ್ತನಾಲ್ಕು. ಶಿವಮೊಗ್ಗದ ಯಾರೋ ಪುಣ್ಯಾತ್ಗಿತ್ತಿ ಅಮೃತಬಳ್ಳಿಯ ಕಷಾಯವನ್ನು ಹೇಗೆ ಮಾಡಬೇಕೆಂದು ಉದ್ದಕ್ಕೂ ಬರೆದಿದ್ದಳು, ಅವಳಿಗೆ ಒಳ್ಳೆಯದಾಗಲಿ. ಆಮೇಲೆ ತಾವು ದೊಡ್ಡ ಮನಸ್ಸು ಮಾಡಿ ನನ್ನನ್ನು ಗುಣಪಡಿಸಿದಿರಿ. ಆ ವಾರ ಬಂದವರು ಆರೇ ಆರು ಜನ. ನನ್ನ ಆರೋಗ್ಯ ಓದುಗರಿಗೆ ಹಿಡಿಸಲಿಲ್ಲ. ಆದ್ದರಿಂದ ಮುಂದಿನ ಗುರುವಾರ, ನವೆಂಬರ್ ಹದಿಮೂರನೇ ತಾರೀಕು, ಬೆಳಿಗ್ಗೆ ನನ್ನ ಕೈಯ ಉಪ್ಪಿಟ್ಟು ತಿಂದು ಬಸ್ಸು ಹತ್ತಿದ ತಾವು ಮಧ್ಯಾಹ್ನದ ಬಿಡುವಿನಲ್ಲಿ ಸೈಬರಿಗೆ ಹೋಗಿ ನನ್ನನ್ನು ತೀರಿಸಿಬಿಟ್ಟಿರಿ. ಅರವತ್ತಮೂರು ಪ್ರತಿಕ್ರಿಯೆಗಳು ಬಂದವು. ನಾನು ಆ ಹೊತ್ತಿನಲ್ಲಿ ಮಾದಮ್ಮನ ಜೊತೆ ಹೊಲದಲ್ಲಿ ರಾಗಿ ಕುಯ್ಯುತ್ತಿದ್ದೆ. ಸತ್ತದ್ದು ಗೊತ್ತೇ ಆಗಲಿಲ್ಲ.

‘ಒಲೆಯನ್ನು ಆರಲು ಬಿಡಬೇಡ ಮಗನೇ’ ಎಂಬುದು ನನ್ನ ಕಡೆಯ ಮಾತಾಗಿತ್ತು ಎಂದು ಬರೆದಿದ್ದೀರಿ. ಅಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನು ತಮಗೆ ಹೇಳಿದ ಕಡೆಯ ಮಾತು, “ಕೊತ್ಮೀರಿ ಸೊಪ್ಪು ಮರ್ತ್‌ಬುಟ್ಟೀಯ, ತಗಂಡ್ ಬಾ” ಎಂಬುದಾಗಿತ್ತು. ತಾವು ಮರೆತೇ ಬಂದಿರಿ. ಹೆತ್ತವಳನ್ನು ಸಾಯಿಸುವ ತರಾತುರಿಯಲ್ಲಿ ಸೊಪ್ಪಿನ ನೆನಪಾದರೂ ಹೇಗಿರಬೇಕು ಎಂದು ಈಗ ಅರ್ಥವಾಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ತಾವು ನನ್ನನ್ನು ಸುಟ್ಟಿರಿ. ಮಾನ್ಯರೇ, ನಮ್ಮವರಲ್ಲಿ ಹೂಳುತ್ತಾರೆ. ತಮ್ಮ ತಂದೆಯವರನ್ನು ಹೂಳುವಾಗ ಮೊದಲ ಹಿಡಿ ಮಣ್ಣು ಹಾಕಿದವರು ತಾವೇ. ಮೂರನೇ ದಿನ ಹಾಲು ತುಪ್ಪ ಬಿಡಲು ಹೋದಾಗ ಆ ಮಣ್ಣಿನ ಮೇಲೆ ಬಿದ್ದು ಅತ್ತವರೂ ತಾವೇ. ಅದೆಲ್ಲ ಗೊತ್ತಿದ್ದೂ ಬೂದಿಯಾದರೆ ನದಿಗೆ ಬಿಡಬಹುದು, ನದಿಯಾದರೆ ಬರಹಕ್ಕೆ ಒಂದು ಹರಿವು ಬರುತ್ತದೆ ಎಂದು ಹೂಳುವ ಮನೆಯವಳನ್ನು ಸೌದೆಯ ಮೇಲೆ ಮಲಗಿಸಿದಿರಿ. ಬೂದಿಯನ್ನು ಕಪಿಲೆಯಲ್ಲೇ ಬಿಟ್ಟಿದ್ದರೆ ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಅದಕ್ಕೂ ಒಂದು ಸಂಗಮ ಬೇಕೆನಿಸಿ ತಿರುಮಕೂಡಲು ನರಸೀಪುರದ ತನಕ ಮಡಕೆ ಹೊತ್ತು ಹೋದಿರಿ. ನರಸೀಪುರ ನನ್ನ ತವರು. ಅಲ್ಲಿ ನನ್ನ ಅಣ್ಣ ಮಾದಯ್ಯ ಇದ್ದಾನೆ. ಬರೆಯುವಾಗ ತಾವು ಮರೆತದ್ದು ಇದೊಂದನ್ನೇ.

ಈಗ ಓದುಗರಿಗಾಗಿ ಎರಡು ಮಾತು. ಅಣ್ಣನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅವನ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಎಲ್ಲ ನೆಂಟರ ಹೆಸರೂ ಇದ್ದು ನನ್ನ ಯಜಮಾನರ ಹೆಸರು ಮಾತ್ರ ಬಿಟ್ಟುಹೋಗಿತ್ತು. ಅರಿಶಿನ ಹಚ್ಚಿ ಕೊಟ್ಟಿದ್ದನ್ನು ತಿರುಗಿಸಿ ಮುರುಗಿಸಿ ಮೂರು ಸಲ ಓದಿದೆ. ಇರಲಿಲ್ಲ. ಮದುವೆಗೆ ಹೋಗಲಿಲ್ಲ. ಅವನೂ ಕರೆಯಲು ಬರಲಿಲ್ಲ. ತಮ್ಮ ತಂದೆಯವರು ತೀರಿಕೊಂಡಾಗಲೂ ಮಣ್ಣಿಗೆ ಬಂದವನು ದೂರದಲ್ಲೇ ನಿಂತಿದ್ದು ಹೋದ.

ಅವನ ಮಗ ಜಗನ್ ನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿಯ ಕಂಪ್ಯೂಟರಿನಲ್ಲಿ ಅವನಿಗೆ ಅತ್ತೆಯ ಸಾವು ಸಿಕ್ಕಿತು. ಲೆಕ್ಕ ಹಾಕಿದರೆ ಮರುದಿನ ಭಾನುವಾರವೇ ಹನ್ನೊಂದನೆಯ ದಿನ. ಅಣ್ಣ ಮೊದಲನೇ ಬಸ್ಸಿಗೇ ಹೊರಟು ಬಂದ. ಕಂಕುಳಲ್ಲಿ ಒಂದು ಪೊಟ್ಟಣ ಇತ್ತು. ಹೆಣ್ಣುಮಗಳು ಸತ್ತರೆ ಮಣ್ಣಿಗಿಡುವ ಮುಂಚೆ ತವರಿನ ಸೀರೆ ಹೊದಿಸಬೇಕಲ್ಲ, ತಡವಾಗಿದೆ, ಹಾಸಲು ಗುಡ್ಡೆಯೂ ಇಲ್ಲ, ಎಡೆಯ ಮುಂದಾದರೂ ಇಡೋಣ ಎಂದು ತಂದಿದ್ದ. ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ತಾವು ಸಂತಾಪಗಳಿಗೆ ಉತ್ತರ ಬರೆಯಲು ಸೈಬರಿಗೆ ಹೋಗಿದ್ದಿರಿ.

ಅಣ್ಣ ಬೀದಿಯ ನಡುವೆಯೇ ನಿಂತುಬಿಟ್ಟ. “ಗೋಯಿಂದಿ, ನೀ ಸತ್ತೋಗಿಲ್ವಾ?” ಎಂದ. “ಇನ್ನೂ ಪುರುಸೊತ್ತಾಗಿಲ್ಲ ಕಣಣ್ಣ, ರಾಗಿ ಕುಯ್ಲು” ಎಂದೆ. ಹನ್ನೊಂದು ವರ್ಷವಾದ ಮೇಲೆ ನಾವು ಆಡಿದ ಮೊದಲ ಮಾತು ಅದು. ಅಲ್ಲೇ ಜಗಲಿಗೆ ಕುಸಿದು ಕೂತು ಅವನು ಅತ್ತ ಅಳುವಿಗೆ ಬೀದಿಯವರೆಲ್ಲ ಬಂದು ನಿಂತರು. ಅಳು ನಿಂತಮೇಲೆ ಸಿಟ್ಟು ಬಂತು. “ಸತ್ತುದ್ದಾದ್ರೂ ಓಗ್ಲಿ ಅನ್ನು, ಸುಟ್ಬುಟ್ರಂತಲ್ಲ! ನಮ್ಮೋರ್ನ ಯಾರಾರ ಸುಟ್ಟಾರಾ? ನಮ್ಮೂರ್ ಸಂಗಮಕ್ಕೇ ಬಂದು ಬೂದಿ ಬುಟ್ಬುಟ್ಟು ನಮ್ಮನೆಗೆ ಒಂದ್ ಮಾತ್ ಯೋಳ್ದೆ ಓಯ್ತಾರಾ?” ಎಂದು ಇಲ್ಲದ ಬೂದಿಗಾಗಿ ಅವನು ಕೂಗಾಡುವುದನ್ನು ನೋಡಿ ನನಗೆ ನಗು ಬಂತು, ಒಳಗೆ ಹೋಗಿ ಅವನಿಗೊಂದು ಚೊಂಬು ನೀರು ತಂದುಕೊಟ್ಟೆ.

ಊಟಕ್ಕೆ ಎಬ್ಬಿಸಿದರೆ, ಸಾವಿನ ಮನೆಯಲ್ಲಿ ಉಣ್ಣಬಾರದು ಎಂದು ಕೂತ. ಸತ್ತವಳೇ ಬಡಿಸುತ್ತಿದ್ದಾಳಲ್ಲ ಮಾವ ಎಂದು ತಮ್ಮ ಹೆಂಡತಿ ರೋಜಾ ಕೈ ಹಿಡಿದು ಎಬ್ಬಿಸಿದ ಮೇಲೆ ಎರಡು ಮುದ್ದೆ ಉಂಡ. ಸಾವಿನ ಮನೆಯಿಂದ ಹೊರಡುವವರು ‘ಬತ್ತೀನಿ’ ಎನ್ನುವುದಿಲ್ಲ, ಮಾತಾಡದೆ ಎದ್ದು ಹೋಗುತ್ತಾರೆ; ಅವನೂ ಅಭ್ಯಾಸಬಲದಿಂದ ಟವಲು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಎದ್ದು ಹೋದ. ಬೀದಿಯ ಮೂಲೆಯ ತನಕ ಹೋದವನು ನಿಂತ. ತಿರುಗಿ ಅಷ್ಟು ದೂರವೂ ವಾಪಸು ನಡೆದು ಬಂದು, ನನ್ನ ಮುಂದೆ ನಿಂತು, “ಬತ್ತೀನಿ ಕಣವ್ವ” ಎಂದ. ಮಾನ್ಯರೇ, ತಾವು ನನ್ನನ್ನು ಕೊಲ್ಲದೆ ಇದ್ದಿದ್ದರೆ ನಾನು ಆ ಮಾತನ್ನು ಕೇಳದೆಯೇ ಸಾಯುತ್ತಿದ್ದೆ. ಆ ಋಣವನ್ನು ಇಲ್ಲಿ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಕೊಲೆಗಾರನಿಗೆ ಕೃತಜ್ಞತೆ ಹೇಳಬೇಕಾಗಿ ಬಂದ ಹೆಣ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸಂಜೆ ತಾವು ಬರುವಷ್ಟರಲ್ಲಿ, ತಾವು ಅಂದೇ ಹಾಕಿದ ತಿಥಿಯ ಬರಹವನ್ನೂ ಸೇರಿಸಿ, ಪವಿತ್ರ ಪ್ರಿಂಟು ತಂದುಕೊಟ್ಟಿದ್ದಳು. ರೋಜಾ ಅದನ್ನು ಹಿಡಿದು ನಿಂತು, “ಅತ್ತೆ ತಿಥಿಗೆ ನಾನು ಅಳ್ತಾ ಅಳ್ತಾ ನೂರೈವತ್ತ್ ಜನಕ್ಕೆ ಅಡ್ಗೆ ಮಾಡಿವ್ನಂತೆ, ನಂಗೇ ಗೊತ್ತಿಲ್ಲ” ಎಂದಳು. ತಾವು ಚಪ್ಪಲಿ ಬಿಡುತ್ತಲೇ ನನ್ನ ಕಡೆ ತಿರುಗಿ, “ಅದು ನೀನಲ್ಲ ಕಣವ್ವ, ಅದು ಸಾಹಿತ್ಯದ ಅವ್ವ” ಎಂದು ಸಮಾಧಾನ ಹೇಳಿದಿರಿ. ಸಾಹಿತ್ಯದ ಅವ್ವ ಯಾರೋ ನನಗೆ ತಿಳಿಯದು. ಅವಳ ಹೆಸರು ಗೋವಿಂದಮ್ಮ, ಅವಳ ಊರು ಹೆಮ್ಮರಗಾಲ, ಅವಳ ಗಂಡ ನಾಗಯ್ಯ. ಇಷ್ಟೆಲ್ಲ ನನ್ನಿಂದ ಇಸಕೊಂಡವಳು ಸಾಯುವಾಗ ಮಾತ್ರ ಬೇರೆಯವಳು ಎಂದರೆ ಹೇಗೆ.

ಆಮೇಲೆ ಮೈಸೂರಿನ ಪ್ರಕಾಶಕರು ಮುಂದೆ ಬಂದದ್ದು, ಜನವರಿಯ ಎರಡನೇ ಭಾನುವಾರ ನಂಜನಗೂಡಿನಲ್ಲಿ ಬಿಡುಗಡೆ ಎಂದು ಗೊತ್ತಾದದ್ದು, ಸಮಾರಂಭದಲ್ಲಿ ನನ್ನ ಫೋಟೋಗೆ ಅಧ್ಯಕ್ಷರು ಹಾರ ಹಾಕಿ ಒಂದು ನಿಮಿಷ ಮೌನ ಆಚರಿಸುವುದೆಂದು ನಿಶ್ಚಯವಾದದ್ದು ಎಲ್ಲವೂ ನಮ್ಮ ಮನೆತನಕ್ಕೆ ಹೆಮ್ಮೆಯ ವಿಷಯ. ಬಿಡುಗಡೆಯ ಹೊತ್ತಿಗೆ ಎರಡು ದಿನ ನಾನು ನರಸೀಪುರಕ್ಕೆ ಹೋಗಿ ಅಣ್ಣನ ಮನೆಯಲ್ಲಿ ಇರಬೇಕೆಂದು ತಾವು ಕೇಳಿಕೊಂಡಿರಿ. “ಯಾರಾದ್ರೂ ನೋಡ್ಬುಟ್ರೆ ನನ್ನ ಬರವಣಿಗೆ ಕತೆ ಮುಗೀತು ಕಣವ್ವ” ಎಂದಾಗ ತಮ್ಮ ಮುಖ ನಿಜವಾಗಿಯೂ ಬಾಡಿತ್ತು. ಒಂದೂವರೆ ವರ್ಷಕ್ಕೂ ಮೇಲೆ ತಾವು ಪಟ್ಟ ಪಾಡನ್ನು ನಾನೂ ಕಂಡಿದ್ದೇನೆ. ಪೇಪರಿಗೆ ಕಳಿಸಿದ್ದೆಲ್ಲ ವಾಪಸು ಬಂದಾಗ ತಾವು ಊಟ ಬಿಟ್ಟದ್ದು ಗೊತ್ತು. ನಮ್ಮ ಬೀದಿಯವನೊಬ್ಬ ಬರಹಗಾರ ಎನ್ನಿಸಿಕೊಳ್ಳುವುದಕ್ಕೆ ಬೇರೆಯವರಿಗಿಂತ ನಾಲ್ಕು ಬಾಗಿಲು ಜಾಸ್ತಿ ತಟ್ಟಬೇಕು ಎಂಬುದೂ ನನಗೆ ಗೊತ್ತು. ಆದ್ದರಿಂದಲೇ ಬೈಯದೆ ಒಳಗೆ ಹೋದೆ.

ಆದರೆ ಸತ್ತಮೇಲೆ ಸತ್ತವರಿಗೂ ಕೆಲವು ಸವಲತ್ತುಗಳಿವೆ. ಸತ್ತವರು ಪಾತ್ರೆ ತಿಕ್ಕುವ ಪದ್ಧತಿ ಯಾವ ಜಾತಿಯಲ್ಲೂ ಇಲ್ಲ. ‘ಅವ್ವನಿಲ್ಲದ ಮನೆಯ ಹಿತ್ತಲ ಕಲ್ಲಿನ ಮೇಲೆ ನನ್ನ ಅಂಗಿಯನ್ನು ನಾನೇ ಒಗೆದುಕೊಳ್ಳುವಾಗ ಅವಳ ಕೈಬಳೆಯ ಸದ್ದು ಕೇಳುತ್ತದೆ’ ಎಂದು ತಾವು ಅಷ್ಟು ಚೆನ್ನಾಗಿ ಬರೆದಿರುವುದರಿಂದ, ನಾಳೆಯಿಂದ ಆ ಸಾಲನ್ನು ಜಾರಿಗೆ ತರಬೇಕಾಗಿ ಕೋರುತ್ತೇನೆ. ಬಳೆಯ ಸದ್ದನ್ನು ನಾನು ಜಗಲಿಯಲ್ಲಿ ಕೂತು ಮಾಡುತ್ತೇನೆ. ಪಿತೃಪಕ್ಷದಲ್ಲಿ ನನಗೆ ಎಡೆ ಇಡುವಾಗ ಕೋಳಿಯ ತೊಡೆಯನ್ನು ಮರೆಯಬಾರದು, ಮತ್ತು ಕಾಗೆಯನ್ನು ಕೂಗಿ ಕರೆಯುವ ಶ್ರಮ ಬೇಡ, ನಾನೇ ಬಂದು ಊಟ ಮಾಡಿ ತಟ್ಟೆ ಎತ್ತಿಡುತ್ತೇನೆ. ಸಾಧ್ಯವಾದರೆ ಆ ಅರವತ್ತಮೂರು ಜನಕ್ಕೂ ಒಂದು ದಿನ ಹೆಮ್ಮರಗಾಲಕ್ಕೆ ಬರಹೇಳಿ. ನನಗಾಗಿ ಅತ್ತವರಿಗೆ ಬಸ್ಸಾರು ಉಣ್ಣಿಸಿ ಕಳಿಸದಿದ್ದರೆ ನನ್ನ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ.

ಹಾರ ಹಾಕಲು ತಾವು ಆರಿಸಿಕೊಂಡಿರುವ ಫೋಟೋವನ್ನು ನೋಡಿದೆ. 1994ರಲ್ಲಿ ಪಂಚಾಯಿತಿ ಆಫೀಸಿನ ಮುಂದೆ ಎಲ್ಲ ಸದಸ್ಯರೂ ನಿಂತು ತೆಗೆಸಿಕೊಂಡದ್ದು ಅದು. ಅದರಿಂದ ನನ್ನ ಮುಖವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ದೀರಿ. ಕೈ ಹೋಗಿದೆ. ಆ ಕೈಯಲ್ಲಿ ಏನಿತ್ತು ಎಂಬುದು ತಮಗೆ ನೆನಪಿರಬೇಕು.

ಈಗ ಆ ಸಾಲಿಗೆ ಬರುತ್ತೇನೆ. ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಹೀಗಿದೆ: ‘ಅಕ್ಷರದ ಬೆಳಕನ್ನೇ ಕಾಣದ ನನ್ನವ್ವ, ಮಗನ ಹೆಸರು ಪೇಪರಿನಲ್ಲಿ ಬಂದಿದೆಯೆಂದು ಕೇಳಿ ಅದನ್ನು ತಲೆಕೆಳಗಾಗಿ ಹಿಡಿದು ಬೆರಳಾಡಿಸುತ್ತಿದ್ದಳು.’ ಬ್ಲಾಗಿನಲ್ಲಿ ಈ ಸಾಲಿಗೆ ಹನ್ನೆರಡು ಜನ ಅತ್ತಿದ್ದಾರೆ. ನಾನೂ ಅತ್ತೆ. ಸತ್ತದ್ದನ್ನು ಓದುವಾಗ ನನಗೆ ಅಳು ಬಂದಿರಲಿಲ್ಲ.

ತೊಂಬತ್ತೆರಡನೇ ಇಸವಿಯಲ್ಲಿ ಸಾಕ್ಷರತಾ ಆಂದೋಲನ ಬಂದಾಗ ನಮ್ಮ ಬೀದಿಯ ಹನ್ನೊಂದು ಹೆಂಗಸರು ಸಂಜೆ ಏಳಕ್ಕೆ ಸ್ಲೇಟು ಹಿಡಿದು ಸಮುದಾಯ ಭವನದ ಜಗಲಿಯ ಮೇಲೆ ಕೂರುತ್ತಿದ್ದೆವು. ಕಲಿಸಲು ಪಿಯುಸಿ ಓದುತ್ತಿದ್ದ ಒಬ್ಬ ಸ್ವಯಂಸೇವಕ ಬರುತ್ತಿದ್ದ. ಹದಿನೇಳು ವರ್ಷ, ಮೀಸೆ ಆಗತಾನೆ ಚಿಗುರುತ್ತಿತ್ತು, ನಾವು ನಕ್ಕರೆ ಕಿವಿ ಕೆಂಪಗಾಗುತ್ತಿತ್ತು. ಎಲ್ಲರೂ ಹೆಸರು ಬರೆಯುವುದನ್ನು ಕಲಿತರೂ ನನಗೆ ನನ್ನ ಹೆಸರಿನ ಮೊದಲನೇ ಅಕ್ಷರವೇ ಬರುತ್ತಿರಲಿಲ್ಲ, ಕೈ ಕುಡುಗೋಲು ಹಿಡಿದಂತೆ ಬಿಗಿಯುತ್ತಿತ್ತು. ಆ ಹುಡುಗ ನನ್ನ ಹಿಂದೆ ಮಂಡಿಯೂರಿ ಕೂತು, ನನ್ನ ಕೈಯನ್ನು ತನ್ನ ಕೈಯೊಳಗೆ ಹಿಡಿದು, “ಕೈ ಗಟ್ಟಿ ಮಾಡ್ಬೇಡ ಕಣವ್ವ, ಸಡ್ಲ ಬುಡು” ಎಂದು ತಿದ್ದಿಸಿದ. ಒಂಬತ್ತು ದಿನ ತಿದ್ದಿಸಿದ. ಹತ್ತನೇ ದಿನ ನಾನೊಬ್ಬಳೇ ಗೋವಿಂದಮ್ಮ ಎಂದು ಬರೆದೆ. ಆ ಸ್ಲೇಟನ್ನು ಅವನು ಒರೆಸಲು ಬಿಡಲಿಲ್ಲ, ಮನೆಗೆ ತಂದು ಅಡುಗೆಮನೆಯ ಗೂಡಿನಲ್ಲಿ ಇಟ್ಟ. ಒಂದು ವಾರ ತರಗತಿಗೆ ಒಂದು ಸ್ಲೇಟು ಕಡಿಮೆಯಾಗಿ ಮಾದಮ್ಮ ನೆಲದ ಮೇಲೆ ಬರೆದಳು. ಆ ಸ್ವಯಂಸೇವಕರು ತಾವೇ, ಮಾನ್ಯರೇ.

ಎರಡು ವರ್ಷ ಕಳೆದು ಪಂಚಾಯಿತಿಯ ಮೊದಲನೇ ಸಭೆಯಲ್ಲಿ ಹಾಜರಿ ಪುಸ್ತಕ ನನ್ನ ಮುಂದೆ ಬಂದಾಗ, ನಮ್ಮ ಬೀದಿಯ ಹೆಂಗಸು, ಹೆಬ್ಬೆಟ್ಟೇ ಇರಬೇಕು ಎಂದುಕೊಂಡು ಶಾಯಿಯ ಡಬ್ಬಿಯನ್ನೂ ಅದರ ಜೊತೆಗೇ ತಳ್ಳಿದರು. ನಾನು ಡಬ್ಬಿಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟು ಪೆನ್ನು ಕೇಳಿದೆ. ಸಹಿ ಹಾಕಿ ಮುಗಿಸುವಷ್ಟರಲ್ಲಿ ಎಲ್ಲರ ಟೀ ಆರಿಹೋಗಿತ್ತು. ತಾವು ಹೊರಗೆ ಕಿಟಕಿಯ ಸರಳು ಹಿಡಿದು ತುದಿಗಾಲಿನಲ್ಲಿ ನಿಂತಿದ್ದಿರಿ. ಫೋಟೋ ತೆಗೆಯುವಾಗ ಆ ಪೆನ್ನು ನನ್ನ ಕೈಯಲ್ಲೇ ಇತ್ತು, ಹಿಂತಿರುಗಿಸುವುದು ಮರೆತಿದ್ದೆ. ಮನೆಗೆ ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ, ದನ ಹೊಡೆದುಕೊಂಡು ಬರುತ್ತಿದ್ದ ಮಾರಯ್ಯನಿಗೂ ಸಹ, “ನಮ್ಮವ್ವ ಸೈನ್ ಮಾಡ್ತು ಕಣ್ರೀ” ಎಂದು ತಾವು ಓಡಿ ಓಡಿ ಹೇಳಿದಿರಿ. ಕಾರ್ಡಿಲ್ಲದೆ, ಮೆಸೇಜಿಲ್ಲದೆ, ನಾಲ್ಕನೇ ನಂಬರಿನ ಕುರ್ಚಿಯಿಲ್ಲದೆ ತಾವು ಮಾಡಿದ ಮೊದಲನೇ ಪ್ರಚಾರ ಅದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೆ. ತಮ್ಮ ಏಳಿಗೆಗೆ ನಾನು ಸತ್ತೇ ಇರಬೇಕು ಎಂದಾದರೆ ಸತ್ತೇ ಇರುತ್ತೇನೆ. ಸುಟ್ಟದ್ದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ, ಅಣ್ಣನಿಗೂ ಏನಾದರೊಂದು ಹೇಳುತ್ತೇನೆ. ಹೆಬ್ಬೆಟ್ಟಿನವಳನ್ನಾಗಿ ಮಾತ್ರ ಮಾಡಬೇಡಿ. ಜೀವ ದೇವರು ಕೊಟ್ಟದ್ದು, ಅದನ್ನು ತಾವು ತೆಗೆದರೆ ಅವನ ಹತ್ತಿರ ಜಗಳವಾಡಿಕೊಳ್ಳಿ. ಅಕ್ಷರ ತಾವು ಕೊಟ್ಟದ್ದು. ಕೊಟ್ಟವರೇ ಕಿತ್ತುಕೊಂಡರೆ ನಾನು ಯಾರಿಗೆ ಅರ್ಜಿ ಬರೆಯಲಿ.

ಸೋಮವಾರದೊಳಗೆ ಆ ಸಾಲು ಹೋದರೆ ನರಸೀಪುರಕ್ಕೆ ಹೋಗಿ ಎರಡಲ್ಲ, ಎಂಟು ದಿನ ಬೇಕಾದರೂ ಇರುತ್ತೇನೆ, ಅಣ್ಣನೂ ಕರೆದಿದ್ದಾನೆ. ಹೋಗದಿದ್ದರೆ ಬಿಡುಗಡೆಯ ದಿನ ಅಣ್ಣ ತಂದ ಆ ಬೂದುಬಣ್ಣದ, ಕೆಂಪಂಚಿನ ಸೀರೆಯನ್ನು ಉಟ್ಟು ಮುಂದಿನ ಸಾಲಿನಲ್ಲಿ ಬಂದು ಕೂರುತ್ತೇನೆ. ಹೆಣಕ್ಕೆ ತಂದದ್ದನ್ನು ಉಡಬಾರದು ಎಂದು ಮಾದಮ್ಮ ಹೇಳುತ್ತಾಳೆ. ಹೆಣ ಒಪ್ಪಿಕೊಂಡಿದೆ ಎಂದಿದ್ದೇನೆ. ಮೌನಾಚರಣೆಗೆ ಎಲ್ಲರೂ ಎದ್ದು ನಿಂತಾಗ ನಾನೂ ಎದ್ದು ನಿಲ್ಲುತ್ತೇನೆ, ಮರ್ಯಾದೆಗೆ ಕಡಿಮೆ ಮಾಡುವುದಿಲ್ಲ.

ಇದನ್ನು ತಮ್ಮ ಬ್ಲಾಗಿನಲ್ಲೇ ಅರವತ್ತನಾಲ್ಕನೇ ಪ್ರತಿಕ್ರಿಯೆಯಾಗಿ ಹಾಕಬೇಕೆಂದಿದ್ದೆ. ಅದಕ್ಕೆ ಜಗಲಿಯ ಯಜಮಾನರ ಒಪ್ಪಿಗೆ ಬೇಕಂತೆ. ಆದ್ದರಿಂದ ಪವಿತ್ರ ನನಗೇ ಒಂದು ಜಗಲಿ ಕಟ್ಟಿಕೊಟ್ಟಿದ್ದಾಳೆ. ಹೆಸರು ‘ಗ್ಯಾಸ್ ಒಲೆ’. ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಅವಳು ಟೈಪು ಮಾಡಿದ್ದಾಳೆ. ಕೆಳಗಿನ ಹೆಸರನ್ನು ಮಾತ್ರ ನಾನೇ ಒಂದೊಂದು ಕೀಲಿಯಾಗಿ ಹುಡುಕಿ ಒತ್ತಿದ್ದೇನೆ. ಕೈ ಸಡಿಲ ಬಿಟ್ಟಿದ್ದೆ.

ಇಂತಿ, ಬದುಕಿದ್ದಾಗಲೂ ಸತ್ತಮೇಲೂ ಒಂದೇ ಸಮನೆ,
ತಮ್ಮ ವಿಶ್ವಾಸಿ ಮತ್ತು ವಿದ್ಯಾರ್ಥಿನಿ,
ಗೋವಿಂದಮ್ಮ

ಮರೆತ ಮಾತು: ಪುಸ್ತಕದ ಕರಡನ್ನು ತಾವು ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಿರಿ, ಸ್ಲೇಟು ಇದ್ದ ಅದೇ ಗೂಡು. ಅಲ್ಲಾದರೆ ಯಾರೂ ಓದುವುದಿಲ್ಲ ಎಂದುಕೊಂಡಿರಬೇಕು. ಮೂರನೇ ಪುಟದಲ್ಲಿ, ಖಾಲಿ ಹಾಳೆಯ ನಡುವೆ, ‘ಇದನ್ನು ಎಂದೆಂದಿಗೂ ಓದಲಾರದ ನನ್ನ ಅವ್ವನಿಗೆ’ ಎಂದು ಅರ್ಪಣೆ ಇದೆ.

ಓದಿದೆ.